ನಾಲ್ಕು ಶಿಶುಗಳ ಲೆಕ್ಕ

ಗರ್ಭಿಣಿಯು ನುಂಗುವ ಔಷಧವನ್ನು ಇಬ್ಬರು ಸೇವಿಸುತ್ತಾರೆ. ಒಬ್ಬಳು ತನ್ನ ರೋಗವನ್ನು ಬಲ್ಲವಳು. ಔಷಧದ ಗುಣದೋಷಗಳನ್ನು ಕೇಳಿ ತಿಳಿದು ಒಪ್ಪಿಗೆ ಕೊಡಬಲ್ಲವಳು. ಗರ್ಭದೊಳಗಿನ ಜೀವಕ್ಕಾದರೋ ಇದಾವುದೂ ತಿಳಿಯದು. ತಾಯಿಯ ರಕ್ತದಿಂದ ಮಾಸನ್ನು ದಾಟಿ ಬಂದುದನ್ನೆಲ್ಲ ಅದು ಸ್ವೀಕರಿಸಲೇಬೇಕು. ‘ಬಸುರಿಗೆ ಔಷಧ ಬೇಡ’ ಎಂಬ ಮಾತು ನಮ್ಮ ಮನೆಗಳಲ್ಲಿ ರೂಢಿಯಾಗಿರುವುದು ಈ ಕಾರಣದಿಂದಲೇ. ಸಾಧಾರಣ ನೆಗಡಿ ಕೆಮ್ಮುಗಳ ಮಟ್ಟಿಗೆ ಅದು ವಿವೇಕದ ಮಾತೂ ಹೌದು. ಆದರೆ ಔಷಧವನ್ನು ಬಿಟ್ಟರೆ ತಾಯಿಗೂ ಮಗುವಿಗೂ ಒಟ್ಟಿಗೇ ಕೇಡಾಗುವ ರೋಗಗಳಿವೆ. ಅವುಗಳಲ್ಲಿ ಎಚ್.ಐ.ವಿ. ಸೋಂಕು ಮುಖ್ಯವಾದುದು.

ಈ ಸೋಂಕುಳ್ಳ ತಾಯಿಗೆ ಯಾವ ಚಿಕಿತ್ಸೆಯೂ ದೊರೆಯದಿದ್ದಲ್ಲಿ ಗರ್ಭದಲ್ಲಿ, ಹೆರಿಗೆಯ ಸಮಯದಲ್ಲಿ, ಇಲ್ಲವೆ ಮೊಲೆಹಾಲಿನ ಮೂಲಕ ವೈರಸ್ಸು ಮಗುವನ್ನು ಸೇರುವ ಸಂಭವ ನೂರಕ್ಕೆ 15ರಿಂದ 45ರವರೆಗೆ ಇರುತ್ತದೆ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಜಿಡೋವುಡಿನ್ ಎಂಬ ಒಂದೇ ಔಷಧವನ್ನು ಗರ್ಭಿಣಿಯರಿಗೂ, ಹುಟ್ಟಿದ ಮೇಲೆ ಆರು ವಾರಗಳ ಕಾಲ ಶಿಶುಗಳಿಗೂ ಕೊಟ್ಟುದರಿಂದ ಸೋಂಕು ತಗುಲಿದ ಶಿಶುಗಳ ಪ್ರಮಾಣವು ನೂರಕ್ಕೆ 25.5ರಿಂದ 8.3ಕ್ಕೆ ಇಳಿದಿತ್ತು. ಅನಂತರ ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿ ಬಂತು. ಗರ್ಭಧಾರಣೆಗೆ ಮೊದಲೇ ತಾಯಿಯ ರಕ್ತದಲ್ಲಿ ವೈರಸ್ಸು ಪೂರ್ಣವಾಗಿ ಅಡಗಿದ್ದು, ಹೆರಿಗೆಯವರೆಗೂ ಹಾಗೆಯೇ ಇದ್ದರೆ ಗರ್ಭದಲ್ಲಾಗಲಿ ಹೆರಿಗೆಯಲ್ಲಾಗಲಿ ಮಗುವಿಗೆ ಸೋಂಕು ತಗಲುವ ಸಂಭವ ಈಗ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಸೋಂಕು ಇದೆಯೆಂದು ತಿಳಿದ ಎಲ್ಲರಿಗೂ ಕೂಡಲೆ ಚಿಕಿತ್ಸೆ ತೊಡಗಿಸಬೇಕೆಂದೂ ಅದನ್ನು ಜೀವಮಾನ ಪರ್ಯಂತ ಮುಂದುವರಿಸಬೇಕೆಂದೂ ಸಲಹೆ ಮಾಡಿತು.

ಇದರಿಂದ ಒಂದು ಹೊಸ ಪರಿಸ್ಥಿತಿ ಒದಗಿತು. ಲಕ್ಷಾಂತರ ಸ್ತ್ರೀಯರಲ್ಲಿ ಗರ್ಭವು ಅಂಕುರಿಸುವ ಕ್ಷಣದಲ್ಲೇ ಔಷಧವು ರಕ್ತದಲ್ಲಿ ಇರುತ್ತದೆ. ಹಾಗಾದರೆ ಅದು ಭ್ರೂಣಕ್ಕೆ ಏನು ಮಾಡುತ್ತದೆ? ಮಾಡುವುದಿಲ್ಲವೆಂದು ನಾವು ಯಾವ ಆಧಾರದ ಮೇಲೆ ಹೇಳಬಲ್ಲೆವು? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ವೈದ್ಯಶಾಸ್ತ್ರಕ್ಕೆ ಎಷ್ಟು ಪಾತ್ರವುಂಟೋ ಎಣಿಕೆಯ ಶಾಸ್ತ್ರಕ್ಕೂ ಅಷ್ಟೇ ಉಂಟು. ಭೌತವಿಜ್ಞಾನವನ್ನು ಬೋಧಿಸುವ ನಾವು ಈ ವಿಷಯವನ್ನು ಇಲ್ಲಿ ಕೈಗೆತ್ತಿಕೊಂಡಿರುವುದು ಆ ಕಾರಣದಿಂದ.

ಮೊದಲೇ ಏಕೆ ತಿಳಿಯದು?

ಔಷಧವೊಂದು ಅಂಗಡಿಗೆ ಬರುವ ಮುನ್ನ ಪ್ರಾಣಿಗಳ ಮೇಲೂ ಅನಂತರ ಮನುಷ್ಯರ ಮೇಲೂ ಪರೀಕ್ಷಿಸಲ್ಪಡುತ್ತದಷ್ಟೆ. ಅಲ್ಲಿಯೇ ಎಲ್ಲವೂ ಗೊತ್ತಾಗಬೇಡವೆ ಎಂದು ವಾಚಕರು ಕೇಳಬಹುದು. ಕಷ್ಟವಿರುವುದು ಇಲ್ಲಿ: ಮನುಷ್ಯರ ಮೇಲಿನ ಮೊದಲ ಪರೀಕ್ಷೆಗಳಿಂದ ಗರ್ಭಿಣಿಯರನ್ನು ದೂರವಿಡುವುದು ವಾಡಿಕೆ. ಪರೀಕ್ಷೆಯ ನಡುವೆ ಗರ್ಭಿಣಿಯಾದವಳನ್ನು ಸಾಮಾನ್ಯವಾಗಿ ಹೊರಗೆ ಕಳುಹಿಸುತ್ತಿದ್ದರು. ಹೀಗಾಗಿ ಔಷಧಕ್ಕೆ ಅನುಮತಿ ದೊರೆಯುವ ದಿನ ಗರ್ಭಿಣಿಯ ವಿಷಯದಲ್ಲಿ ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಶೂನ್ಯವಾಗಿರುತ್ತದೆ.

ಅನಂತರ ಗರ್ಭಿಣಿಯರನ್ನೇ ಕುರಿತು ಪ್ರಯೋಗಗಳು ನಡೆದರೂ ಅವರು ಪ್ರಯೋಗಕ್ಕೆ ಸೇರುವುದು ಗರ್ಭವು ಮೂರು ತಿಂಗಳು ದಾಟಿದ ಮೇಲೆ. ಶಿಶುವಿನ ಅಂಗಾಂಗಗಳ ಅಸ್ತಿಭಾರವಾದರೋ ಬಹಳ ಮೊದಲೇ ಮುಗಿದಿರುತ್ತದೆ. ಮಿದುಳು ಮತ್ತು ಬೆನ್ನುಹುರಿಗಳ ಉದಾಹರಣೆಯನ್ನೇ ನೋಡೋಣ. ಇವು ಮೊದಲಿಗೆ ಒಂದು ಚಪ್ಪಟೆ ಹಾಳೆಯ ರೂಪದಲ್ಲಿರುತ್ತವೆ. ಚಾಪೆಯ ಎರಡು ಅಂಚುಗಳು ಮೇಲೆದ್ದು ಬಾಗಿ ಒಂದನ್ನೊಂದು ಕೂಡಿದಂತೆ ಆ ಹಾಳೆಯು ಸುರುಳಿಗೊಂಡು ಕೊಳವೆಯಾಗುತ್ತದೆ. ಇದಕ್ಕೆ ನರನಾಳವೆಂದು ಹೆಸರು. ಗರ್ಭಾಂಕುರವಾದ ಸುಮಾರು 28 ದಿನಗಳೊಳಗಾಗಿ ಈ ನಾಳವು ಮುಚ್ಚಿಕೊಳ್ಳಬೇಕು. ತಲೆಯ ಕಡೆಯಲ್ಲಿ ಮುಚ್ಚದಿದ್ದರೆ ಮಿದುಳೇ ಬೆಳೆಯದ ಶಿಶು ಹುಟ್ಟುತ್ತದೆ; ಅದು ಬದುಕುವುದಿಲ್ಲ. ಬೆನ್ನಿನ ಕಡೆಯಲ್ಲಿ ಮುಚ್ಚದಿದ್ದರೆ ಬೆನ್ನುಹುರಿಯು ತೆರೆದುಕೊಂಡ ಶಿಶು ಹುಟ್ಟುತ್ತದೆ. ಬದುಕಿದರೂ ಕಾಲುಗಳ ಶಕ್ತಿ ಕುಂದಬಹುದು. ಈ ದೋಷ ಸಾವಿರ ಹೆರಿಗೆಗಳಿಗೆ ಒಂದರಂತೆ, ಕೆಲವು ದೇಶಗಳಲ್ಲಿ ಅದಕ್ಕಿಂತ ಹೆಚ್ಚಾಗಿ, ಯಾವ ಔಷಧವೂ ಇಲ್ಲದೆಯೇ ಕಾಣಿಸಿಕೊಳ್ಳುತ್ತದೆ. ಫೋಲಿಕ್ ಆಮ್ಲದ ಕೊರತೆ ಅದರ ತಿಳಿದಿರುವ ಕಾರಣಗಳಲ್ಲೊಂದು. ಆ 28 ದಿನಗಳು ಮುಗಿಯುವ ವೇಳೆಗೆ ಎಷ್ಟೋ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬುದೇ ಖಚಿತವಾಗಿರುವುದಿಲ್ಲ.

ಆದುದರಿಂದ ಈ ಕಾಲಘಟ್ಟದ ಅಪಾಯವನ್ನು ತಿಳಿಯಲು ಒಂದೇ ಮಾರ್ಗವಿದೆ. ಔಷಧವು ಬಳಕೆಗೆ ಬಂದ ಮೇಲೆ, ಅದನ್ನು ಸೇವಿಸುತ್ತಿದ್ದಾಗಲೇ ಗರ್ಭ ಧರಿಸಿದ ತಾಯಂದಿರ ಶಿಶುಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಬೇಕು.

ಥ್ಯಾಲಿಡೋಮೈಡ್ ಕಲಿಸಿದ ಪಾಠ

ಎಣಿಸದಿದ್ದರೆ ಏನಾಗುತ್ತದೆಂಬುದನ್ನು ಜಗತ್ತು ಒಮ್ಮೆ ನೋಡಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೋಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ಗರ್ಭಿಣಿಯರು ಮುಂಜಾನೆಯ ಓಕರಿಕೆಗೂ ತೆಗೆದುಕೊಳ್ಳುತ್ತಿದ್ದರು. ಜರ್ಮನಿಯ ಲೆಂಟ್ಸ್ ಮತ್ತು ಆಸ್ಟ್ರೇಲಿಯದ ಮೆಕ್‌ಬ್ರೈಡ್ ಎಂಬ ವೈದ್ಯರು ಎಚ್ಚರಿಸಿ, 1961ರ ನವೆಂಬರಿನಲ್ಲಿ ಜರ್ಮನಿಯ ಮಾರುಕಟ್ಟೆಯಿಂದ ಅದನ್ನು ಹಿಂದಕ್ಕೆ ತೆಗೆಯುವ ವೇಳೆಗೆ ಕೈಕಾಲುಗಳು ಮೊಟಕಾದ ಸಾವಿರಾರು ಶಿಶುಗಳು ಹುಟ್ಟಿದ್ದುವು. ಒಟ್ಟು ಸಂಖ್ಯೆ ಹತ್ತು ಸಾವಿರವನ್ನು ಮೀರಿತೆಂದು ಅಂದಾಜು.

ಈ ದುರಂತದಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಥ್ಯಾಲಿಡೋಮೈಡಿನಿಂದಾದ ಅಂಗವೈಕಲ್ಯವು ಬೇರೆ ಸಮಯದಲ್ಲಿ ಅತಿ ವಿರಳ. ಜೀವಮಾನದಲ್ಲಿ ಒಮ್ಮೆಯೂ ಅದನ್ನು ಕಾಣದ ವೈದ್ಯನು ಕೆಲವೇ ತಿಂಗಳಲ್ಲಿ ಮೂರು ನಾಲ್ಕನ್ನು ಕಂಡಾಗ ಬೆಚ್ಚಿಬೀಳುತ್ತಾನೆ. ಆದರೆ ಔಷಧದಿಂದ ಉಂಟಾಗುವ ದೋಷವು ಔಷಧವಿಲ್ಲದೆಯೂ ಆಗಾಗ ಕಾಣುವಂಥದಾದರೆ? ಆಗ ಯಾವ ವೈದ್ಯನ ಕಣ್ಣೂ ಅದನ್ನು ಹಿಡಿಯಲಾರದು. ಸಾವಿರಕ್ಕೆ ಒಂದಿದ್ದುದು ಸಾವಿರಕ್ಕೆ ಮೂರಾದರೆ ಒಂದು ಊರಿನ ಆಸ್ಪತ್ರೆಯಲ್ಲಿ ಅದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿರುವ ಗೈಗರ್ ಎಣಿಕೆಯಂತ್ರವನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ವಿಕಿರಣ ಸೂಸುವ ವಸ್ತುವನ್ನು ಅದರ ಮುಂದಿಡದಿದ್ದರೂ ಯಂತ್ರವು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಆಕಾಶದಿಂದಲೂ ನೆಲದಿಂದಲೂ ಗೋಡೆಯ ಕಲ್ಲಿನಿಂದಲೂ ಬರುವ ಹಿನ್ನೆಲೆಯ ಎಣಿಕೆ ಅದು. ಮುಂದಿಟ್ಟ ಚೂರು ವಿಕಿರಣ ಸೂಸುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ವಿದ್ಯಾರ್ಥಿಯು ಚೂರಿಲ್ಲದೆ ಒಮ್ಮೆ, ಚೂರಿಟ್ಟು ಒಮ್ಮೆ, ಎರಡು ಸಲವೂ ಸಾಕಷ್ಟು ಹೊತ್ತು ಎಣಿಸಬೇಕು. ಚೂರು ದುರ್ಬಲವಾದಷ್ಟೂ ಎಣಿಸಬೇಕಾದ ಹೊತ್ತು ಹೆಚ್ಚು. ಔಷಧದ ಸುರಕ್ಷತೆಯ ಮೇಲಿನ ಕಾವಲಿಗೂ ನಿಯಮ ಇದೇ.

ಎಣಿಕೆಯ ಪುಸ್ತಕ

1989ರಲ್ಲಿ ಜಿಡೋವುಡಿನ್ ಸೇವಿಸಿದ ಗರ್ಭಿಣಿಯರಿಗಾಗಿ ಅಮೆರಿಕದಲ್ಲಿ ಒಂದು ದಾಖಲೆಯನ್ನು ತೆರೆದರು. ಮುಂದೆ ಎಚ್.ಐ.ವಿ.ಯ ಇತರ ಔಷಧಗಳನ್ನೂ ಸೇರಿಸಿಕೊಂಡು ಅದು ಹಲವು ದೇಶಗಳಿಂದ ವರದಿ ಪಡೆಯುವ ದೊಡ್ಡ ನೋಂದಣಿಯಾಯಿತು. ಅದರ ಕ್ರಮದಲ್ಲಿ ಒಂದು ಜಾಣ್ಮೆಯಿದೆ. ವೈದ್ಯನು ತಾಯಿಯ ವಿವರವನ್ನು, ಹೆಸರನ್ನು ಮರೆಮಾಡಿ, ಮಗು ಹುಟ್ಟುವುದಕ್ಕೆ ಮೊದಲೇ ಕಳುಹಿಸಬೇಕು. ಹುಟ್ಟಿದ ಮೇಲೆ ಕಳುಹಿಸುವುದಾದರೆ ದೋಷವಿರುವ ಶಿಶುಗಳ ಸುದ್ದಿ ತಪ್ಪದೆ ಬರುತ್ತದೆ. ಆರೋಗ್ಯವಾಗಿರುವ ಶಿಶುಗಳ ವಿಷಯ ಬರೆಯಲು ಯಾರಿಗೂ ನೆನಪಾಗುವುದಿಲ್ಲ. ಅಂಶ ಸಿಕ್ಕಿ ಛೇದ ಸಿಕ್ಕದಿದ್ದರೆ ಭಿನ್ನರಾಶಿಯನ್ನು ಬರೆಯುವುದು ಹೇಗೆ?

ಎಷ್ಟು ಶಿಶುಗಳನ್ನು ಎಣಿಸಿದರೆ ಸಾಕು? ಎಲ್ಲ ಬಗೆಯ ಜನ್ಮದೋಷಗಳನ್ನು ಒಟ್ಟುಗೂಡಿಸಿದರೆ ಅವು ಸುಮಾರು ನೂರಕ್ಕೆ ಮೂರರಷ್ಟಿರುತ್ತವೆ. ಈ ಮೊತ್ತವು ಎರಡು ಪಟ್ಟಾದರೆ ಅದನ್ನು ಗುರುತಿಸಲು, ಗರ್ಭದ ಮೊದಲ ಮೂರು ತಿಂಗಳಲ್ಲಿ ಆ ಔಷಧವನ್ನು ಸೇವಿಸಿದ ಸುಮಾರು 200 ತಾಯಂದಿರು ಸಾಕೆಂದು ಆ ನೋಂದಣಿಯವರು ಲೆಕ್ಕ ಹಾಕಿದ್ದಾರೆ. ಆದರೆ ನರನಾಳದ ದೋಷದಂತಹ, ಸಾವಿರಕ್ಕೆ ಒಂದರಷ್ಟೇ ಇರುವ ವಿಷಯಕ್ಕೆ ಈ ಸಂಖ್ಯೆ ಏನೂ ಸಾಲದು. 200 ಶಿಶುಗಳಲ್ಲಿ ಒಂದೂ ಕಾಣದಿದ್ದರೆ ಅದರಿಂದ ಸಮಾಧಾನಪಡುವಂತಿಲ್ಲ. ಪೂರಾ ಸಾವಿರ ಶಿಶುಗಳನ್ನು ನೋಡಿದರೂ, ಸಹಜ ಪ್ರಮಾಣವು ಸಾವಿರಕ್ಕೆ ಒಂದೇ ಆಗಿರುವಾಗ, ಒಂದೂ ಕಾಣದಿರುವ ಸಂಭವ ನೂರಕ್ಕೆ 37 ಇದೆ. ಅಪಾಯವು ಮೂರು ಪಟ್ಟು ಹೆಚ್ಚಿಲ್ಲವೆಂದು ಧೈರ್ಯವಾಗಿ ಹೇಳಬೇಕಾದರೆ ಗರ್ಭಾಂಕುರದ ವೇಳೆಯಲ್ಲಿ ಔಷಧ ಸೇವಿಸುತ್ತಿದ್ದ ಸುಮಾರು 2000 ತಾಯಂದಿರ ಹೆರಿಗೆಗಳನ್ನು ನೋಡಬೇಕಾಗುತ್ತದೆ. ಸೋಂಕು ವಿರಳವಾಗಿರುವ ಶ್ರೀಮಂತ ದೇಶಗಳಲ್ಲಿ, ಅದೂ ವೈದ್ಯರ ಸ್ವಇಚ್ಛೆಯ ವರದಿಗಳಿಂದ, ಅಷ್ಟು ಸಂಖ್ಯೆ ಕೂಡಲು ಬಹುಕಾಲ ಹಿಡಿಯುತ್ತದೆ.

ಹೀಗೆ ಕಾದದ್ದರ ಒಂದು ಕಥೆ ಎಫಾವಿರೆಂಜ್ ಎಂಬ ಔಷಧದ್ದು. ಗರ್ಭಿಣಿ ಕೋತಿಗಳಿಗೆ ಅದನ್ನು ಕೊಟ್ಟಾಗ 20 ಮರಿಗಳಲ್ಲಿ 3ಕ್ಕೆ ದೊಡ್ಡ ದೋಷಗಳು ಕಂಡವು. ಅವುಗಳಲ್ಲಿ ಒಂದಕ್ಕೆ ಮಿದುಳು ಬೆಳೆದಿರಲಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಈ ಔಷಧವನ್ನು ಬಳಸಬಾರದೆಂಬ ಎಚ್ಚರಿಕೆ ಹೊರಟು ಅನೇಕ ವರ್ಷ ಜಾರಿಯಲ್ಲಿತ್ತು. ಆದರೂ ತಿಳಿಯದೆ ಗರ್ಭಿಣಿಯರಾದವರ ಲೆಕ್ಕ ಕೂಡುತ್ತ ಹೋಯಿತು. ಮನುಷ್ಯರಲ್ಲಿ ದೋಷ ಹೆಚ್ಚಿದಂತೆ ಕಾಣಲಿಲ್ಲ. 2013ರ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಗರ್ಭಿಣಿಯರಿಗೂ ಸೇರಿದಂತೆ ಎಲ್ಲ ವಯಸ್ಕರಿಗೂ ಮೊದಲ ಆಯ್ಕೆಯಾಗಿ ಸೂಚಿಸಿತು. ಇಷ್ಟಾದರೂ ಕೋತಿಮರಿಗಳ ಶಂಕೆ ಪೂರ್ತಿಯಾಗಿ ಅಳಿದಿರಲಿಲ್ಲ.

ಬೋಟ್ಸ್ವಾನಾದ ಬಲೆ

ಆ ಶಂಕೆಯನ್ನು ನಿವಾರಿಸಲೆಂದೇ ಆಫ್ರಿಕದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನಾ ದೇಶದಲ್ಲಿ 2014ರ ಆಗಸ್ಟಿನಿಂದ ‘ತ್ಸೆಪಾಮೊ’ ಎಂಬ ಅಧ್ಯಯನವನ್ನು ಆರಂಭಿಸಿದರು. ವಿಸ್ತಾರದಲ್ಲಿ ದೊಡ್ಡದಾದರೂ ಅತಿ ಕಡಿಮೆ ಜನರಿರುವ ನಾಡು ಅದು. ಎಚ್.ಐ.ವಿ. ಸೋಂಕಿನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಅದೂ ಒಂದು. ಹೆರಿಗೆಗಳು ಬಹುಮಟ್ಟಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. ಚಿಕಿತ್ಸೆಯ ವಿವರ ತಾಯಿಯ ಚೀಟಿಯಲ್ಲೇ ಬರೆದಿರುತ್ತದೆ.

ಎಂಟು ಸರಕಾರಿ ಆಸ್ಪತ್ರೆಗಳಲ್ಲಿ ಆದ ಪ್ರತಿಯೊಂದು ಹೆರಿಗೆಯನ್ನೂ ದಾಖಲೆ ಮಾಡಲಾಯಿತು. ಸೋಂಕುಳ್ಳ ತಾಯಿ, ಸೋಂಕಿಲ್ಲದ ತಾಯಿ, ಔಷಧ ಸೇವಿಸಿದವಳು, ಸೇವಿಸದವಳು ಎಂಬ ಭೇದವಿಲ್ಲದೆ ಎಲ್ಲರನ್ನೂ ಎಣಿಸಿದರು. ಯಂತ್ರದ ಮುಂದೆ ಚೂರಿಲ್ಲದೆ ಎಣಿಸುವ ಕ್ರಮವೇ ಇದು. ಹೆರಿಗೆ ಮಾಡಿಸಿದ ಸೂಲಗಿತ್ತಿಯರು ಶಿಶುವನ್ನು ತಲೆಯಿಂದ ಕಾಲಿನವರೆಗೆ ನೋಡಿ ಕಂಡುದನ್ನು ಬರೆದಿಡುತ್ತಿದ್ದರು. ದೋಷ ಕಂಡಲ್ಲಿ ತಾಯಿಯ ಒಪ್ಪಿಗೆ ಪಡೆದು ಚಿತ್ರ ತೆಗೆಯುತ್ತಿದ್ದರು. ಆ ಚಿತ್ರವನ್ನು ಪರಿಶೀಲಿಸಿ ದೋಷದ ಬಗೆಯನ್ನು ನಿರ್ಣಯಿಸುವ ತಜ್ಞನಿಗೆ ತಾಯಿಯು ಯಾವ ಔಷಧ ಸೇವಿಸಿದ್ದಳೆಂಬುದನ್ನು ತಿಳಿಸುತ್ತಿರಲಿಲ್ಲ. ಎಷ್ಟೇ ಪ್ರಾಮಾಣಿಕನಾದರೂ ಮನುಷ್ಯನು ತಾನು ನಿರೀಕ್ಷಿಸಿದುದನ್ನು ಕಾಣುವ ಸ್ವಭಾವದವನಲ್ಲವೆ!

ಎಫಾವಿರೆಂಜಿಗಾಗಿ ಬೀಸಿದ ಈ ಬಲೆಗೆ ಬೇರೊಂದು ಔಷಧ ಸಿಕ್ಕಿತು. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೋಲುಟೆಗ್ರಾವಿರ್ ಬಹು ಗುಣವಂತ ಔಷಧ. ವೈರಸ್ಸನ್ನು ಬೇಗ ಅಡಗಿಸುತ್ತದೆ. ವೈರಸ್ಸು ಅದಕ್ಕೆ ಎದುರುನಿಲ್ಲುವ ಶಕ್ತಿಯನ್ನು ಸುಲಭವಾಗಿ ಗಳಿಸಲಾರದು. ಎಫಾವಿರೆಂಜಿನಿಂದಾಗುವ ತಲೆಸುತ್ತು, ಕೆಟ್ಟ ಕನಸುಗಳ ಕಾಟ ಇದರಲ್ಲಿ ಕಡಿಮೆ. ಬೋಟ್ಸ್ವಾನಾ 2016ರಲ್ಲಿಯೇ ಅದನ್ನು ದೇಶದ ಮೊದಲ ಆಯ್ಕೆಯನ್ನಾಗಿ ಮಾಡಿಕೊಂಡಿತು. 2017ರ ಸೆಪ್ಟೆಂಬರಿನಲ್ಲಿ, ಡೋಲುಟೆಗ್ರಾವಿರ್ ಸೇರಿದ ಮೂರು ಔಷಧಗಳ ಒಂದೇ ಗುಳಿಗೆಯನ್ನು ಒಬ್ಬರಿಗೆ ವರ್ಷಕ್ಕೆ ಸುಮಾರು 75 ಡಾಲರಿಗೆ ಒದಗಿಸುವ ಒಪ್ಪಂದ ಪ್ರಕಟವಾಯಿತು. ಅದನ್ನು ತಯಾರಿಸುವ ಹೊಣೆ ಹೊತ್ತವು ಭಾರತದಲ್ಲಿರುವ ಔಷಧ ಕಾರ್ಖಾನೆಗಳು. ಬಡ ದೇಶಗಳೆಲ್ಲ ಈ ಗುಳಿಗೆಯ ಕಡೆಗೆ ತಿರುಗುತ್ತಿದ್ದಾಗಲೇ ಬೋಟ್ಸ್ವಾನಾದಿಂದ ಸುದ್ದಿ ಬಂತು.

ನಾಲ್ಕು

2018ರ ಮೇ ತಿಂಗಳಲ್ಲಿ ರೆಬೆಕ್ಕ ಜಾಶ್ ಮತ್ತು ಅವರ ಸಂಗಡಿಗರು ಲೆಕ್ಕವನ್ನು ಮುಂದಿಟ್ಟರು. ಡೋಲುಟೆಗ್ರಾವಿರ್ ಸೇವಿಸುತ್ತಿದ್ದಾಗ ಗರ್ಭ ಧರಿಸಿದವರ 426 ಶಿಶುಗಳಲ್ಲಿ 4ಕ್ಕೆ ನರನಾಳದ ದೋಷವಿತ್ತು. ಎಂದರೆ ಸಾವಿರಕ್ಕೆ 9.4. ಎಚ್.ಐ.ವಿ.ಯ ಬೇರೆ ಔಷಧಗಳಲ್ಲಿದ್ದವರ 11,300 ಶಿಶುಗಳಲ್ಲಿ 14, ಎಂದರೆ ಸಾವಿರಕ್ಕೆ 1.2. ಸೋಂಕಿಲ್ಲದ ತಾಯಂದಿರ 66,057 ಶಿಶುಗಳಲ್ಲಿ 61, ಎಂದರೆ ಸಾವಿರಕ್ಕೆ 0.9. ಎಲ್ಲರೂ ಶಂಕಿಸಿದ್ದ ಎಫಾವಿರೆಂಜಿನಲ್ಲಾದರೋ 5787ಕ್ಕೆ ಕೇವಲ 3. ಗರ್ಭ ನಿಂತ ಮೇಲೆ ಡೋಲುಟೆಗ್ರಾವಿರ್ ತೊಡಗಿಸಿದವರ 2812 ಶಿಶುಗಳಲ್ಲಿ ಒಂದೂ ಇಲ್ಲ.

ಈ ನಾಲ್ಕು ಎಂಬ ಸಂಖ್ಯೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಔಷಧವು ನಿರ್ದೋಷಿಯಾಗಿದ್ದರೆ 426 ಶಿಶುಗಳಲ್ಲಿ ನಾವು ನಿರೀಕ್ಷಿಸಬೇಕಾದದ್ದು ಸುಮಾರು ಅರ್ಧ. ಅರ್ಧ ನಿರೀಕ್ಷಿಸಿದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕಾಣುವ ಸಂಭವವನ್ನು ಫ್ರಾನ್ಸಿನ ಗಣಿತಜ್ಞ ಪಾಯ್ಸಾನನ ಸೂತ್ರದಿಂದ ಗುಣಿಸಿ ನೋಡಿದರೆ ಆರುನೂರರಲ್ಲಿ ಒಂದರ ಆಸುಪಾಸಿಗೆ ಬರುತ್ತದೆ. ಬರಿಯ ಅದೃಷ್ಟವೆಂದು ತಳ್ಳಿಹಾಕಲು ಇದು ತೀರ ಸಣ್ಣ ಸಂಭವ. ಆದರೆ ಮತ್ತೊಂದು ಪಕ್ಷವೂ ಇದೆ. ಇಪ್ಪತ್ತು ಔಷಧಗಳನ್ನು ಮೂವತ್ತು ಬಗೆಯ ದೋಷಗಳೊಡನೆ ತಾಳೆ ನೋಡುವವನು ಆರುನೂರು ಜೋಡಿಗಳನ್ನು ಪರೀಕ್ಷಿಸಿದಂತಾಗುತ್ತದೆ. ಆರುನೂರರಲ್ಲಿ ಒಂದರಂತಹ ಅಪರೂಪದ ಘಟನೆ ಅವುಗಳ ನಡುವೆ ಎಲ್ಲೋ ಒಂದು ಕಡೆ ತಾನಾಗಿಯೇ ತಲೆಯೆತ್ತಿದರೆ ಆಶ್ಚರ್ಯವಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತೆಯೂ ಇರಲಿಲ್ಲ. ನರನಾಳದ ದೋಷವನ್ನು ಯಾರೂ ಆಕಸ್ಮಿಕವಾಗಿ ಹೆಕ್ಕಿದುದಲ್ಲ. ಅಧ್ಯಯನವು ಅದನ್ನು ಹುಡುಕಲೆಂದೇ ಹೊರಟದ್ದು.

ಎಣಿಕೆಯ ಶಾಸ್ತ್ರದಲ್ಲಿ ಒಂದು ಸ್ಥೂಲ ನಿಯಮವುಂಟು: ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು ಅದರಲ್ಲಿ ಅನಿಶ್ಚಯವಿರುತ್ತದೆ. ಹತ್ತು ಸಾವಿರ ಎಣಿಸಿದಾಗ ಅನಿಶ್ಚಯವು ನೂರು, ಎಂದರೆ ನೂರಕ್ಕೆ ಒಂದೇ ಪಾಲು. ನಾಲ್ಕನ್ನು ಎಣಿಸಿದಾಗ ಅನಿಶ್ಚಯ ಎರಡು, ಎಂದರೆ ಅರ್ಧಪಾಲು! ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ನಿಜವಾದ ಪ್ರಮಾಣವು ಸಾವಿರಕ್ಕೆ 4ರಿಂದ 24ರವರೆಗೆ ಎಲ್ಲಿಯಾದರೂ ಇರಬಹುದೆಂದು ಅವರೇ ಬರೆದರು. ಇಷ್ಟು ಅಗಲವಾದ ಬಾಗಿಲಿನ ಮುಂದೆ ನಿಂತು ಲಕ್ಷಾಂತರ ಸ್ತ್ರೀಯರ ಚಿಕಿತ್ಸೆಯನ್ನು ನಿರ್ಧರಿಸಬೇಕಾಗಿತ್ತು.

ಎರಡು ತಕ್ಕಡಿಗಳು

ಅದೇ ತಿಂಗಳಲ್ಲಿ ಅಮೆರಿಕ ಮತ್ತು ಯೂರೋಪಿನ ಔಷಧ ನಿಯಂತ್ರಣಾಧಿಕಾರಿಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಕೆ ಹೊರಡಿಸಿದರು. ಮಕ್ಕಳಾಗುವ ವಯಸ್ಸಿನ ಸ್ತ್ರೀಯರು ಗರ್ಭನಿರೋಧದ ಭರವಸೆಯಿದ್ದರೆ ಮಾತ್ರ ಹೊಸ ಔಷಧವನ್ನು ಸೇವಿಸುವುದು ಒಳಿತೆಂಬುದು ಅದರ ಸಾರ. ಹಲವು ದೇಶಗಳು ಇದನ್ನು ಇನ್ನೂ ಬಿಗಿಮಾಡಿ ಸ್ತ್ರೀಯರಿಗೆ ಔಷಧವನ್ನೇ ನಿಲ್ಲಿಸಿದುವು. ಒಂದೇ ಚಿಕಿತ್ಸಾಲಯದಲ್ಲಿ ಗಂಡನಿಗೆ ಒಳ್ಳೆಯ ಗುಳಿಗೆ, ಹೆಂಡತಿಗೆ ಹಳೆಯ ಗುಳಿಗೆ ಎಂಬ ಸ್ಥಿತಿ ಒದಗಿತು.

ಇದರಲ್ಲಿ ಹಾನಿಯೇನೆಂದು ಕೇಳಬಹುದು. ಹಳೆಯ ಔಷಧಕ್ಕೆ ವೈರಸ್ಸು ಎದುರುನಿಲ್ಲುವುದು ಹಲವು ದೇಶಗಳಲ್ಲಿ ಹೆಚ್ಚುತ್ತಿತ್ತು. ಔಷಧವು ಸೋತರೆ ತಾಯಿಯು ಸಾಯಬಹುದು. ವೈರಸ್ಸು ಮಗುವಿಗೆ ದಾಟಬಹುದು. 2018ರ ಪ್ರಮಾಣವೇ ನಿಜವೆಂದು ಭಾವಿಸಿ ದಕ್ಷಿಣ ಆಫ್ರಿಕದ ಪರಿಸ್ಥಿತಿಗೆ ಅನ್ವಯಿಸಿ ಮಾಡಿದ ಗಣಿತದ ಅಂದಾಜೊಂದು 2019ರಲ್ಲಿ ಪ್ರಕಟವಾಯಿತು. ಹೊಸ ಔಷಧವನ್ನು ಎಲ್ಲ ಸ್ತ್ರೀಯರಿಗೂ ಕೊಟ್ಟರೆ ಐದು ವರ್ಷಗಳಲ್ಲಿ ಸಾವಿರಾರು ಸ್ತ್ರೀಯರ ಪ್ರಾಣ ಉಳಿಯುವುದೆಂದೂ, ಆದರೆ ನರನಾಳದ ದೋಷದಿಂದ ಶಿಶುಗಳ ಸಾವು ಸಾವಿರಗಳ ಲೆಕ್ಕದಲ್ಲಿಯೇ ಹೆಚ್ಚುವುದೆಂದೂ ಅದು ತೋರಿಸಿತು. ತಾಯಂದಿರ ಪ್ರಾಣವನ್ನು ಒಂದು ತಟ್ಟೆಯಲ್ಲೂ ಶಿಶುಗಳ ಪ್ರಾಣವನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುವ ಅಧಿಕಾರ ಯಾರಿಗುಂಟು? ಗಣಿತವು ಇದಕ್ಕೆ ಉತ್ತರ ಕೊಡಲಾರದು.

ಉತ್ತರವನ್ನು ಕೇಳಬೇಕಾದವರು ಬೇರೆಯೇ ಇದ್ದರು. 2018ರ ಜುಲೈ ತಿಂಗಳಲ್ಲಿ ರುವಾಂಡ ದೇಶದ ಕಿಗಾಲಿ ನಗರದಲ್ಲಿ, ಆಫ್ರಿಕದ ಹಲವು ದೇಶಗಳಿಂದ ಬಂದ ಸೋಂಕುಳ್ಳ ಸ್ತ್ರೀಯರೇ ಸಭೆ ಸೇರಿದರು. ಅಪಾಯವಿದ್ದರೆ ಅದನ್ನು ನಮಗೆ ತಿಳಿಸಿರಿ, ಗರ್ಭನಿರೋಧದ ಸೌಕರ್ಯವನ್ನು ಒದಗಿಸಿರಿ, ಅನಂತರ ಆಯ್ಕೆಯನ್ನು ನಮಗೆ ಬಿಡಿರಿ. ಎಲ್ಲರನ್ನೂ ಒಟ್ಟಿಗೆ ಹೊರಗಿಡಬೇಡಿರಿ—ಇದು ಅವರ ನಿಲವು. ಈ ಮಾತು ವ್ಯರ್ಥವಾಗಲಿಲ್ಲ. ಮುಂದಿನ ವರ್ಷದ ಮಾರ್ಗಸೂಚಿಯಲ್ಲಿ ಸ್ತ್ರೀಯು ತಿಳಿದು ಆರಿಸಿಕೊಳ್ಳುವ ಹಕ್ಕಿಗೆ ಸ್ಥಾನ ದೊರೆಯಿತು.

ಎಣಿಕೆ ಮುಂದುವರಿಯಿತು

ಇತ್ತ ಬೋಟ್ಸ್ವಾನಾದಲ್ಲಿ ಎಣಿಸುವವರು ಕೈಕಟ್ಟಿ ಕೂರಲಿಲ್ಲ. ಎಂಟಿದ್ದ ಆಸ್ಪತ್ರೆಗಳು ಹದಿನೆಂಟಾದುವು. ದೇಶದ ಹೆರಿಗೆಗಳಲ್ಲಿ ಸುಮಾರು ನೂರಕ್ಕೆ 72 ಲೆಕ್ಕಕ್ಕೆ ಸಿಕ್ಕತೊಡಗಿದುವು. 2019ರ ಜುಲೈನಲ್ಲಿ ಹೊಸ ಲೆಕ್ಕ ಬಂತು: 1683 ಶಿಶುಗಳಲ್ಲಿ 5. ಸಾವಿರಕ್ಕೆ 9.4 ಇದ್ದುದು 3ಕ್ಕೆ ಇಳಿಯಿತು. ಆ ತಿಂಗಳಲ್ಲೇ ವಿಶ್ವ ಆರೋಗ್ಯ ಸಂಸ್ಥೆಯು ಡೋಲುಟೆಗ್ರಾವಿರನ್ನು ಸ್ತ್ರೀಯರೂ ಸೇರಿದಂತೆ ಎಲ್ಲರಿಗೂ ಮೊದಲ ಆಯ್ಕೆಯಾಗಿ ಸೂಚಿಸಿತು. 2020ರಲ್ಲಿ 3591ಕ್ಕೆ 7. 2021ರಲ್ಲಿ 5860ಕ್ಕೆ 9. 2022ರಲ್ಲಿ 9460ಕ್ಕೆ 10. ಕಡೆಯ ಲೆಕ್ಕದಲ್ಲಿ ಪ್ರಮಾಣವು ಸಾವಿರಕ್ಕೆ 1.1. ಬೇರೆ ಔಷಧಗಳಲ್ಲಿದ್ದವರ ಪ್ರಮಾಣವೂ ಅಷ್ಟೇ. ಹಿನ್ನೆಲೆಯ ಎಣಿಕೆಯಿಂದ ಡೋಲುಟೆಗ್ರಾವಿರಿನ ಎಣಿಕೆಯನ್ನು ಬೇರ್ಪಡಿಸಲು ಇನ್ನು ಸಾಧ್ಯವಿರಲಿಲ್ಲ.

ವಾಚಕರು ಒಂದು ಸಣ್ಣ ವ್ಯವಕಲನ ಮಾಡಿನೋಡಲಿ. ಮೊದಲಿನ 426 ಶಿಶುಗಳನ್ನೂ ಅವುಗಳಲ್ಲಿದ್ದ 4 ದೋಷಗಳನ್ನೂ ಕಳೆದರೆ, ಉಳಿದ 9034 ಶಿಶುಗಳಲ್ಲಿ ಕಂಡವು 6 ಮಾತ್ರ. ಮೊದಲಿನ ಪ್ರಮಾಣವೇ ನಿಜವಾಗಿದ್ದರೆ ಅಲ್ಲಿ ಸುಮಾರು 85 ಕಾಣಬೇಕಾಗಿತ್ತು. ಆ ನಾಲ್ಕು ಶಿಶುಗಳ ದೋಷ ನಿಜವಾದುದೇ. ಅವರ ತಾಯಂದಿರ ದುಃಖವೂ ನಿಜವಾದುದೇ. ಅವು ಒಂದೇ ಕಡೆ ಕೂಡಿ ಬಂದುದು ಮಾತ್ರ ಆಕಸ್ಮಿಕವಾಗಿತ್ತು.

ಹಾಗಾದರೆ 2018ರ ಎಚ್ಚರಿಕೆ ತಪ್ಪೆ? ನಮಗೆ ಹಾಗೆನಿಸುವುದಿಲ್ಲ. ಅಂದು ಕೈಯಲ್ಲಿದ್ದುದು ನಾಲ್ಕೇ. ಅದು ಥ್ಯಾಲಿಡೋಮೈಡಿನ ಮೊದಲ ನಾಲ್ಕೋ ಆಕಸ್ಮಿಕದ ನಾಲ್ಕೋ ಎಂಬುದನ್ನು ಆ ಸಂಖ್ಯೆಯ ಮುಖ ನೋಡಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಮುಚ್ಚಿಟ್ಟಿದ್ದರೆ ಅದು ಅಪರಾಧವಾಗುತ್ತಿತ್ತು. ಆದರೆ ಎಚ್ಚರಿಕೆ ಕೊಡುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. ಇಷ್ಟು ಶೀಘ್ರವಾಗಿ ಸಂಶಯವು ಪರಿಹಾರವಾದುದು ಬೋಟ್ಸ್ವಾನಾದಲ್ಲಿ ನಾಲ್ಕು ವರ್ಷ ಮೊದಲೇ ಎಣಿಕೆ ಆರಂಭವಾಗಿದ್ದುದರಿಂದ. ಎಫಾವಿರೆಂಜಿನ ಸಂಶಯ ಹರಿಯಲು ಹದಿನೈದು ವರ್ಷವಾದರೂ ಹಿಡಿದಿತ್ತು; ಡೋಲುಟೆಗ್ರಾವಿರಿನದು ನಾಲ್ಕು ವರ್ಷಗಳಲ್ಲಿ ಮುಗಿಯಿತು.

ಬೇರೆ ಬಗೆಯ ಕಾವಲುಗಳು

ಜನ್ಮದೋಷವೊಂದೇ ನೋಡತಕ್ಕ ವಿಷಯವಲ್ಲ. 1999ರಲ್ಲಿ ಫ್ರಾನ್ಸಿನ ವೈದ್ಯರು, ಗರ್ಭದಲ್ಲಿದ್ದಾಗ ಜಿಡೋವುಡಿನ್ ತಲುಪಿದ, ಆದರೆ ಸೋಂಕಿಲ್ಲದ 8 ಶಿಶುಗಳಲ್ಲಿ ಜೀವಕೋಶಗಳ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ಸರಿಯಾಗಿ ಕೆಲಸ ಮಾಡದಿದ್ದುದನ್ನು ವರದಿ ಮಾಡಿದರು. 2001ರ ಜನವರಿಯಲ್ಲಿ, ಸ್ಟಾವುಡಿನ್ ಮತ್ತು ಡೈಡನೋಸಿನ್ ಎಂಬ ಎರಡು ಔಷಧಗಳನ್ನು ಕೂಡಿಸಿ ಸೇವಿಸಿದ ಮೂವರು ಗರ್ಭಿಣಿಯರು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಮೃತಪಟ್ಟುದು ಪ್ರಕಟವಾಗಿ, ಆ ಜೋಡಿಯನ್ನು ಗರ್ಭಿಣಿಯರಿಗೆ ಕೊಡುವುದರ ವಿರುದ್ಧ ಎಚ್ಚರಿಕೆ ಹೊರಟಿತು.

ಔಷಧವು ಹೆಚ್ಚಾಗುವಂತೆ ಕಡಿಮೆಯಾಗುವುದೂ ಅಪಾಯವೇ. ಬಸಿರಿನಲ್ಲಿ ತಾಯಿಯ ರಕ್ತದ ಪ್ರಮಾಣವು ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಮೂತ್ರಪಿಂಡಗಳೂ ಯಕೃತ್ತೂ ಚುರುಕಾಗುತ್ತವೆ. ಒಂದು ಚಮಚ ಉಪ್ಪನ್ನು ಒಂದು ಚೊಂಬು ನೀರಿನ ಬದಲು ಒಂದೂವರೆ ಚೊಂಬಿಗೆ ಹಾಕಿದಂತೆ, ನುಂಗಿದ ಗುಳಿಗೆ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧವು ತೆಳುವಾಗಬಹುದು. ಕೋಬಿಸಿಸ್ಟಾಟ್ ಎಂಬ ಸಹಾಯಕ ದ್ರವ್ಯದೊಡನೆ ಕೊಡುವ ಕೆಲವು ಔಷಧಗಳು ಗರ್ಭಿಣಿಯರಲ್ಲಿ ಹೀಗೆ ತೀರ ಇಳಿಯುತ್ತವೆಂಬುದು ಗೊತ್ತಾಗಿ 2018ರಿಂದ ಅವುಗಳ ಬಳಕೆಗೆ ಎಚ್ಚರಿಕೆ ಸೇರಿತು. ಪ್ರಯೋಗಗಳೂ ನಡೆದಿವೆ. ಭಾರತವೂ ಸೇರಿದಂತೆ ಒಂಬತ್ತು ದೇಶಗಳ 643 ಗರ್ಭಿಣಿಯರು ಪಾಲ್ಗೊಂಡ ಒಂದು ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಹೆರಿಗೆಯ ವೇಳೆಗೆ ವೈರಸ್ಸು ಅಡಗಿದ್ದವರು ಡೋಲುಟೆಗ್ರಾವಿರ್ ಪಂಗಡದಲ್ಲಿ ನೂರಕ್ಕೆ 98, ಎಫಾವಿರೆಂಜ್ ಪಂಗಡದಲ್ಲಿ 91.

ನಮ್ಮ ನಾಡಿನಲ್ಲಿ

ಭಾರತದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2021ರ ಮಾರ್ಗಸೂಚಿಯೂ ಡೋಲುಟೆಗ್ರಾವಿರ್ ಇರುವ ಗುಳಿಗೆಯನ್ನು ಗರ್ಭಿಣಿಯರನ್ನೂ ಒಳಗೊಂಡು ವಯಸ್ಕರಿಗೆ ಮೊದಲ ಆಯ್ಕೆಯಾಗಿ ಹೇಳುತ್ತದೆ. ಬೋಟ್ಸ್ವಾನಾದ ಸೂಲಗಿತ್ತಿಯರು ಬರೆದಿಟ್ಟ ಲೆಕ್ಕದ ಪ್ರಯೋಜನವನ್ನು ಹೀಗೆ ನಮ್ಮ ಕರ್ನಾಟಕದ ತಾಯಂದಿರೂ ಪಡೆದಂತಾಯಿತು. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವೂ 2010ರಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಹಲವು ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ವೈದ್ಯರಷ್ಟೇ ಅಲ್ಲ, ದಾದಿಯರೂ ಸ್ವತಃ ರೋಗಿಗಳೂ ಅಲ್ಲಿಗೆ ವರದಿ ಕೊಡಬಹುದು. ಸೋಂಕುಳ್ಳವರ ಗುರುತನ್ನು ಗುಟ್ಟಾಗಿಡಬೇಕೆಂದು 2017ರ ಕಾಯಿದೆಯೂ ವಿಧಿಸುತ್ತದೆ.

ಸೋಂಕುಳ್ಳ ತಾಯಿಯೊಬ್ಬಳು ಈ ಪುಟಗಳನ್ನು ಓದುತ್ತಿದ್ದರೆ ಆಕೆಗೆ ಎರಡು ಮಾತು. ಬಸುರಾದೆನೆಂಬ ಭಯದಿಂದ ಗುಳಿಗೆಯನ್ನು ತಾನಾಗಿ ನಿಲ್ಲಿಸಬಾರದು; ನಿಲ್ಲಿಸಿದರೆ ಒದಗುವ ಅಪಾಯ ಅನುಭವದಿಂದ ತಿಳಿದದ್ದು, ದೊಡ್ಡದು. ಮಗು ಬೇಕೆಂಬ ಯೋಚನೆಯಿದ್ದರೆ ಮೊದಲೇ ವೈದ್ಯರೊಡನೆ ಮಾತಾಡಿ, ಫೋಲಿಕ್ ಆಮ್ಲದ ಗುಳಿಗೆಯನ್ನು ಗರ್ಭಕ್ಕೆ ಮುಂಚಿನಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು. ನರನಾಳದ ದೋಷವನ್ನು ತಡೆಯುವ ಈ ಉಪಾಯ ಸೋಂಕಿಲ್ಲದ ತಾಯಂದಿರಿಗೂ ಅಷ್ಟೇ ಅನ್ವಯಿಸುತ್ತದೆ.

ಮುಂದೆಯೂ ಹೊಸ ಔಷಧಗಳು ಬರುತ್ತವೆ. ಎರಡು ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಡುವವು ಈಗಾಗಲೇ ಬಂದಿವೆ. ಅವುಗಳ ಅಂಶ ದೇಹದಲ್ಲಿ ಅನೇಕ ತಿಂಗಳು ನಿಲ್ಲುವುದರಿಂದ, ಮದ್ದನ್ನು ನಿಲ್ಲಿಸಿದ ಎಷ್ಟೋ ಕಾಲದ ಮೇಲೆ ಗರ್ಭ ನಿಂತರೂ ಅದು ಭ್ರೂಣವನ್ನು ತಲುಪಬಹುದು. ಪ್ರತಿಯೊಂದು ಹೊಸ ಔಷಧಕ್ಕೂ ಎಣಿಕೆಯನ್ನು ಒಂದರಿಂದ ಮತ್ತೆ ತೊಡಗಬೇಕು. ದೊಡ್ಡ ಆಸ್ಪತ್ರೆಯಿರಲಿ, ಹಳ್ಳಿಯ ಹೆರಿಗೆ ಕೋಣೆಯಿರಲಿ, ಹುಟ್ಟಿದ ಶಿಶುವನ್ನು ತಿರುವಿ ನೋಡಿ, ‘ಬೆನ್ನು ಸರಿಯಾಗಿದೆ’ ಎಂದು ಬರೆಯುವ ದಾದಿಯ ಒಂದು ಸಾಲು ಆ ಲೆಕ್ಕದ ಒಂದು ಅಂಕಿ. ಆರೋಗ್ಯವಾಗಿ ಹುಟ್ಟಿದ ಶಿಶುವಿನ ಸಾಲನ್ನೂ ಆಕೆ ಬಿಡದೆ ಬರೆಯಬೇಕು.